ರಾಮಾನುಜರ ಹೊಯ್ಸಳ ನಾಡಿನ ವಲಸೆ: ಐತಿಹ್ಯ ಮತ್ತು ಇತಿಹಾಸ

ಶೈವ ಚೋಳ ದೊರೆಯೊಬ್ಬನ ಕಿರುಕುಳಕ್ಕೆ ಶ್ರೀರಂಗ ತೊರೆದ ರಾಮಾನುಜಾಚಾರ್ಯರು ಬಿಳಿಬಟ್ಟೆಯುಟ್ಟು, ಶಿಷ್ಯರೊಂದಿಗೆ ಕಾಡುಬೆಟ್ಟ ದಾಟಿ ಹೊಯ್ಸಳ ನಾಡಿಗೆ ಬಂದರೆಂದು ಶ್ರೀವೈಷ್ಣವ ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ಅವರ ವೇಷದಲ್ಲಿ ಚೋಳನ ಆಸ್ಥಾನಕ್ಕೆ ಹೋದ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು. ಇತ್ತ ತೊಣ್ಣೂರಿನಲ್ಲಿ ಆಚಾರ್ಯರು ಹೊಯ್ಸಳ ಅರಸ ಬಿಟ್ಟಿದೇವನ ಮಗಳಿಗೆ ಹಿಡಿದಿದ್ದ ಗ್ರಹ ಬಿಡಿಸಿದರು. ಹನ್ನೆರಡು ಸಾವಿರ ಜೈನರನ್ನು ತೆರೆಯ ಹಿಂದೆ ಕೂತು ಸಾವಿರ ಹೆಡೆಯ ಶೇಷನಾಗಿ ವಾದದಲ್ಲಿ ಸೋಲಿಸಿದರು. ಜೈನನಾಗಿದ್ದ ಅರಸ ವೈಷ್ಣವನಾಗಿ ವಿಷ್ಣುವರ್ಧನನೆಂಬ ಹೆಸರು ಪಡೆದ.

ಹಿಂಸಕ ಅರಸ, ವಲಸೆ, ಹೊಸ ನೆಲ: ಮೋಶೆಯ ಹಿಂದೆ ಈಜಿಪ್ಟ್ ಬಿಟ್ಟ ಯೆಹೂದ್ಯರ ಕಥೆಗೂ ಇದೇ ಚೌಕಟ್ಟು. ಅಲ್ಲಿ ಕ್ರಿ.ಪೂ. 1208ರ ಸುಮಾರಿನ ಮೆರ್ನೆಪ್ತಾನ ಶಾಸನದಲ್ಲಿ ಇಸ್ರೇಲ್ ಎಂಬ ಜನರ ಹೆಸರು ಸಿಗುತ್ತದೆ, ಮೋಶೆಯ ಹೆಸರು ಈಜಿಪ್ಟಿನ ಯಾವ ಬರಹದಲ್ಲೂ ಇಲ್ಲ. ನಮ್ಮ ಕಥೆಯ ಅನುಕೂಲವೆಂದರೆ ಬೇಲೂರು, ಹಳೇಬೀಡುಗಳಲ್ಲಿ ಅದೇ ಕಾಲದ ಕಲ್ಲುಗಳು ಇನ್ನೂ ಓದುವಂತೆ ನಿಂತಿರುವುದು.

ಆ ಕಲ್ಲುಗಳು ಕಥೆಗೆ ಪೂರ್ತಿ ಒಪ್ಪುವುದಿಲ್ಲ. ಬೇಲೂರಿನ ವಿಜಯನಾರಾಯಣ (ಇಂದಿನ ಚೆನ್ನಕೇಶವ) ಪ್ರತಿಷ್ಠೆಯಾದದ್ದು 1117ರಲ್ಲಿ. ಅದರ ಶಾಸನ ಅರಸನ ಪರಾಕ್ರಮವನ್ನು ಹೊಗಳುತ್ತದೆ, ರಾಮಾನುಜರ ಹೆಸರೆತ್ತುವುದಿಲ್ಲ. ಅದಕ್ಕೆ ಮುಂಚೆಯಷ್ಟೇ ತಲಕಾಡನ್ನು ಚೋಳರಿಂದ ಕಿತ್ತುಕೊಂಡಿದ್ದ ಅರಸನಿಗೆ ದೇವಾಲಯ ಕಟ್ಟಲು ಆ ಗೆಲುವೇ ಸಾಕಷ್ಟು ಕಾರಣ. ತಲಕಾಡು ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಕಟ್ಟಾ ಜೈನ. ರಾಣಿ ಶಾಂತಲೆ ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು.

ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಶಾಸನವಂತೂ ಮತಾಂತರದ ಕಥೆಯ ಬುಡವನ್ನೇ ಅಲುಗಿಸುತ್ತದೆ. ಗಂಗರಾಜನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಬಸದಿ ಇದು. ಪ್ರತಿಷ್ಠೆಯ ಶೇಷೆಯನ್ನು (ಪ್ರಸಾದವನ್ನು) ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದರು. ಆಗಷ್ಟೇ ಮಸಣನೆಂಬ ವೈರಿಯನ್ನು ಗೆದ್ದಿದ್ದ ಅರಸನಿಗೆ ಗಂಡುಮಗುವೂ ಆಗಿತ್ತು. ಎರಡೂ ಈ ಜಿನನ ಕೃಪೆಯೆಂದು ಎದ್ದು ಕೈಮುಗಿದು ಶೇಷೆಯನ್ನು ತಲೆಗೊತ್ತಿಕೊಂಡ ಅರಸ, ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟು, ಇಂದು ಅರಸೀಕೆರೆ ತಾಲ್ಲೂಕಿಗೆ ಸೇರಿರುವ ಜಾವಗಲ್ಲನ್ನು ದತ್ತಿ ಬಿಟ್ಟ. ಬಸದಿಗಳನ್ನು ಅವನು ಕೆಡವಿಸಿದ ಪಾಪಕ್ಕೆ ಅಡಗೂರಿನ ಬಳಿ ಭೂಮಿ ಬಾಯ್ಬಿಟ್ಟಿತೆಂಬ ಜೈನರ ಐತಿಹ್ಯವೂ ಈ ಕಲ್ಲಿನ ಮುಂದೆ ನಿಲ್ಲದು. ಅವನ ನಂತರವೂ ಹೊಯ್ಸಳ ನಾಡಿನಲ್ಲಿ ಜೈನರಿಗೆ ಜಾಗವಿತ್ತು: ಅರಸೀಕೆರೆಯಲ್ಲಿ 1220ರ ಹೊತ್ತಿಗೆ ಶಿವಾಲಯದ ಜೊತೆಗೆ ರೇಚರಸನೆಂಬವನ ಸಹಸ್ರಕೂಟ ಜಿನಾಲಯವೂ ಇತ್ತು.

ಕಾಲದ ತೊಡಕುಗಳೂ ಉಂಟು. ಮೇಲುಕೋಟೆಯ ತಿರುನಾರಾಯಣ ಪ್ರತಿಷ್ಠೆಗೆ ಸಂಪ್ರದಾಯ ಕೊಡುವ ಬಹುಧಾನ್ಯ ಸಂವತ್ಸರ 1098–99ಕ್ಕೆ ಬೀಳುತ್ತದೆ. ವಿಷ್ಣುವರ್ಧನ ಪಟ್ಟಕ್ಕೆ ಬಂದದ್ದು 1108ರ ಸುಮಾರಿಗೆ. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ರಾಮಾನುಜರು ದಿಲ್ಲಿಯ ಸುಲ್ತಾನನ ಮನೆಯಿಂದ ತಂದರೆಂಬ ಪ್ರಸಂಗವಿದೆ. ದಿಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದೇ 1206ರಲ್ಲಿ. ಆಚಾರ್ಯರಿಗೆ ಕಿರುಕುಳ ಕೊಟ್ಟು ಕ್ರಿಮಿಕಂಠನೆಂದು ಬೈಸಿಕೊಂಡ ಚೋಳ ಯಾರೆಂಬುದರಲ್ಲೂ ಒಮ್ಮತವಿಲ್ಲ. ಮೊದಲನೆಯ ಕುಲೋತ್ತುಂಗನೆಂದರೆ ಅವನು ನಾಗಪಟ್ಟಣದ ಬೌದ್ಧವಿಹಾರಕ್ಕೂ ದತ್ತಿ ಕೊಟ್ಟವನು. ಎರಡನೆಯವನೆಂದರೆ ಪಟ್ಟಕ್ಕೆ ಬರುವುದು 1133ರಲ್ಲಿ, ತೀರ ತಡವಾಗಿ.

ಹಾಗೆಂದು ವಲಸೆಯೇ ಸುಳ್ಳೆನ್ನುವುದು ಆತುರದ ತೀರ್ಪು. ತೊಣ್ಣೂರು, ಮೇಲುಕೋಟೆಗಳು ಶ್ರೀವೈಷ್ಣವ ಕೇಂದ್ರಗಳಾಗಿ ಬೆಳೆದದ್ದು ಹೊಯ್ಸಳರ ಆಶ್ರಯದಲ್ಲಿಯೇ. ಚೋಳರೊಡನೆ ಹಗೆ ಕಟ್ಟಿಕೊಂಡ ಅರಸ ಅಲ್ಲಿಂದ ಬಂದ ಆಚಾರ್ಯರಿಗೆ ಜಾಗ ಕೊಡುವುದು ರಾಜಕೀಯವಾಗಿ ಸಹಜ. ಆಚಾರ್ಯರು ಬಂದದ್ದನ್ನು ಒಪ್ಪಬಹುದು. ಮತಾಂತರ, ವಾದ, ಬಸದಿ ಕೆಡವಿದ ಕಥೆಗಳನ್ನು ಆಮೇಲಿನ ಪೀಳಿಗೆಗಳು ಸೇರಿಸಿದಂತೆ ಕಾಣುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ 1368ರಲ್ಲಿ ತೀರಿಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಕಾಪಾಡಿರೆಂದ; ಶ್ರವಣಬೆಳಗೊಳದ ಶಾಸನ ಅದನ್ನು ಹೇಳುತ್ತದೆ. ಆ ಕಾಲದ ಕಾವು ಹಿಂದಿನ ಕಥೆಗೂ ತಗುಲಿರಬೇಕು.

ದಿಲ್ಲಿಯ ಪ್ರಸಂಗಕ್ಕೆ ಕಾಲ ಕೂಡಿಬರದಿದ್ದರೂ ಅದರ ಫಲ ಮಾತ್ರ ಬದುಕಿನಲ್ಲಿ ಉಳಿಯಿತು. ಮೂರ್ತಿಯನ್ನು ತರಲು ನೆರವಾದರೆಂದು ರಾಮಾನುಜರು ದಲಿತರನ್ನು ತಿರುಕುಲದವರೆಂದು ಕರೆದರಂತೆ. ಇತರ ಗುಡಿಗಳು ಅವರಿಗೆ ಮುಚ್ಚಿದ್ದ ಕಾಲದಲ್ಲಿಯೂ ಮೇಲುಕೋಟೆಯಲ್ಲಿ, ಬೇಲೂರಿನಲ್ಲಿ ವರ್ಷಕ್ಕೆ ಮೂರು ದಿನ ಒಳಗೆ ಹೋಗುವ ಹಕ್ಕು ಅವರಿಗಿತ್ತು.