ಕಾಮಾಕುರದ ಏಳು ಬಾಗಿಲುಗಳು

ಟೋಕಿಯೋ ನಗರದ ನೈರುತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕಡಲ ದಡದ ಮೇಲಿರುವ ಕಾಮಾಕುರಕ್ಕೆ ಹೋದವರು ಮೊದಲು ಅರಸುವುದು ಕಂಚಿನ ಅಮಿತಾಭ ಬುದ್ಧನನ್ನು. 11 ಮೀಟರಿಗೂ ಮಿಕ್ಕಿದ ಆ ಮೂರ್ತಿಯು, ಮೇಲಿದ್ದ ಮಂದಿರವು ಬಿರುಗಾಳಿಗಳಿಗೆ ಬಿದ್ದುಹೋಗಿ, ಐದು ಶತಮಾನಗಳಿಗೂ ಹೆಚ್ಚು ಕಾಲದಿಂದ ಬಯಲಿನಲ್ಲೇ ಕುಳಿತಿರುವುದು. ದರ್ಶನೀಯವೇ ಸರಿ. ಆದರೆ ಊರಿನ ಚರಿತ್ರೆಯನ್ನು ಬಯಸುವವರು ಗುಡ್ಡಗಳನ್ನು ಹತ್ತಬೇಕು.

ಮೂರು ಕಡೆ ಗುಡ್ಡ, ದಕ್ಷಿಣಕ್ಕೆ ಸಾಗಾಮಿ ಕೊಲ್ಲಿ. ಈ ಸ್ಥಳವನ್ನೇ ಮಿನಾಮೊತೊ ಯೊರಿತೊಮೊ 1180ರಲ್ಲಿ ತನ್ನ ನೆಲೆಯಾಗಿ ಮಾಡಿಕೊಂಡನು. 1192ರಲ್ಲಿ ಅವನು ಷೋಗನ್ ಪದವಿಗೇರಿದನು. ಗುಡ್ಡಗಳ ಬಂಡೆಯನ್ನು ಕಡಿದು ತೆಗೆದ ಇಕ್ಕಟ್ಟಾದ ದಾರಿಗಳಿಗೆ ಕಿರಿದೋಶಿ ಎಂದು ಹೆಸರು, ಪ್ರಸಿದ್ಧವಾದವು ಏಳು. ಅವುಗಳಲ್ಲೊಂದಾದ ಅಸಾಯಿನದ ದಾರಿಯ ಕೆಲಸವು 1241ರಲ್ಲಿ ನಡೆಯುತ್ತಿದ್ದಾಗ, ಷೋಗನ್ನನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದ ಹೋಜೋ ಯಾಸುತೋಕಿಯು ತಾನೇ ಬಂದು ನಿಂತು, ತನ್ನ ಸವಾರಿಯ ಕುದುರೆಯ ಮೇಲೆಯೇ ಮಣ್ಣುಕಲ್ಲುಗಳನ್ನು ಹೊರಿಸಿದನಂತೆ. ಇಂದು ಆ ದಾರಿಯಲ್ಲಿ ವಿಹಾರಕ್ಕೆ ಬಂದವರು ನಡೆಯುತ್ತಾರೆ. ಇಕ್ಕೆಲದ ಬಂಡೆಗಳ ಮೇಲೆ ಪಾಚಿ ಬೆಳೆದಿದೆ.

1274ರಲ್ಲಿಯೂ 1281ರಲ್ಲಿಯೂ ಮಂಗೋಲರ ಹಡಗುಗಳು ದೂರದ ಕ್ಯೂಷು ದ್ವೀಪದ ಮೇಲೆ ಬಂದುವು. ಗೆದ್ದ ಹೋಜೋ ತೋಕಿಮುನೆಯು ಮರುವರ್ಷವೇ ಕಾಮಾಕುರದ ಉತ್ತರದಂಚಿನಲ್ಲಿ ಎಂಗಾಕುಜಿ ಎಂಬ ವಿಹಾರವನ್ನು ಕಟ್ಟಿಸಿದನು. ಅಲ್ಲಿ ಶಾಂತಿಯನ್ನು ಕೋರಿದುದು ಎರಡೂ ಪಕ್ಷಗಳ ಮೃತರಿಗೆ. ಮೊದಲ ಗುರುವಾದವನು ಚೀನಾದಿಂದ ಬಂದ ಝೆನ್ ಭಿಕ್ಷು. ನಮ್ಮ 'ಧ್ಯಾನ' ಶಬ್ದವೇ ಚೀನಾದಲ್ಲಿ 'ಚಾನ್' ಎಂದಾಗಿ, ಜಪಾನಿನಲ್ಲಿ 'ಝೆನ್' ಆದುದು.

ಗೆಲುವೇನೋ ಸಿಕ್ಕಿತು, ಹಂಚಲು ಭೂಮಿ ಸಿಕ್ಕಲಿಲ್ಲ. ಹೊರಗಿನಿಂದ ಬಂದ ಶತ್ರುವನ್ನು ಓಡಿಸಿದರೆ ಅವನ ನೆಲವೆಲ್ಲಿ? ಕಾದಿದ ಯೋಧರು ಬರಿಗೈಯಲ್ಲಿ ಮರಳಿದರು. ಅಸಮಾಧಾನವು ಬೆಳೆಯುತ್ತ ಹೋಗಿ, 1333ರಲ್ಲಿ ನಿತ್ತಾ ಯೊಶಿಸಾದನೆಂಬ ಸರದಾರನು ತನ್ನ ಒಡೆಯರ ಮೇಲೆಯೇ ದಂಡೆತ್ತಿ ಬಂದನು. ಕಿರಿದೋಶಿಗಳಲ್ಲಿ ಅವನ ಸೇನೆಗೆ ದಾರಿ ದೊರೆಯಲಿಲ್ಲ. ಆಗ ಅವನು ಇನಾಮುರಗಾಸಾಕಿಯ ಭೂಶಿರದ ಬಳಿ ಇಳಿತದ ಸಮಯವನ್ನು ಕಾದು, ಮರಳ ಮೇಲೆ ಸುತ್ತಿ ಒಳಹೊಕ್ಕನು. ಸಮುದ್ರದೇವತೆಗೆ ತನ್ನ ಖಡ್ಗವನ್ನು ಅರ್ಪಿಸಿದನೆಂದೂ, ಒಡನೆ ನೀರು ಹಿಂದೆ ಸರಿಯಿತೆಂದೂ ಯುದ್ಧಕಥೆಯು ಹೇಳುತ್ತದೆ. ನಮಗೆ ಇಳಿತವೇ ಸಾಕು.

ಹೋಜೋ ಮನೆತನದವರು ತೋಶೋಜಿ ಎಂಬ ತಮ್ಮ ದೇವಾಲಯವನ್ನು ಸೇರಿ ಪ್ರಾಣ ಬಿಟ್ಟರು. ಅನುಚರರು ಸಹಿತ ಎಂಟುನೂರಕ್ಕೂ ಹೆಚ್ಚು ಜನರೆಂದು ಅದೇ ಕಥೆಯ ಲೆಕ್ಕ. ಆ ದೇವಾಲಯದ ಕಟ್ಟಡವಾವುದೂ ಈಗ ಉಳಿದಿಲ್ಲ. ಅಲ್ಲಿಂದ ತುಸು ದೂರದಲ್ಲಿ, ಹೋಜೋ ಅರಮನೆಯಿದ್ದ ನೆಲದ ಮೇಲೆ, ಹೋಕಾಯಿಜಿ ಎಂಬ ಚಿಕ್ಕ ದೇವಾಲಯವುಂಟು. ಮಡಿದ ಆ ಮನೆತನದವರ ಶಾಂತಿಗಾಗಿ 1335ರಲ್ಲಿ ಅದನ್ನು ಕಟ್ಟಲು ತೊಡಗಿದವನು, ಅವರನ್ನು ಉರುಳಿಸಿದವರಲ್ಲೊಬ್ಬನಾದ ಆಶಿಕಾಗ ತಾಕಾಉಜಿ.