ಜೇಬಿನಿಂದ ತೂಗುತ್ತಿದ್ದ ಜಾಹೀರಾತು

ಇಂಗ್ಲಿಷಿನಲ್ಲಿ ‘ಫಾಬ್’ ಎಂದರೆ ಮೊದಲು ಗಡಿಯಾರ ಇಟ್ಟುಕೊಳ್ಳಲು ಸೊಂಟಪಟ್ಟಿಯ ಬಳಿ ಹೊಲಿಸುತ್ತಿದ್ದ ಪುಟ್ಟ ಜೇಬು. ಆಮೇಲೆ ಗಡಿಯಾರವನ್ನು ಹೊರಗೆಳೆಯಲು ಕಟ್ಟಿದ ಪಟ್ಟಿಗೂ, ಅದರ ತುದಿಯಲ್ಲಿ ತೂಗುವ ಪದಕಕ್ಕೂ ಅದೇ ಹೆಸರು ಅಂಟಿಕೊಂಡಿತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಕಂಪನಿಗಳ ಕಣ್ಣು ಈ ಪದಕದ ಮೇಲೆ ಬಿತ್ತು. ನೇಗಿಲು, ಕುದುರೆ ಜೀನು, ಬಿಯರು, ಉಗಿಯಂತ್ರ ಮಾರುವವರೆಲ್ಲ ತಮ್ಮ ಹೆಸರು ಒತ್ತಿಸಿ ಗಿರಾಕಿಗಳಿಗೆ ಪುಕ್ಕಟೆ ಹಂಚತೊಡಗಿದರು. ಲೆಕ್ಕಾಚಾರ ಸರಳ: ಗೋಡೆಯ ಭಿತ್ತಿಪತ್ರವನ್ನು ದಾರಿಹೋಕ ನೋಡದೆಯೂ ಹೋಗಬಹುದು, ಆದರೆ ಹೊತ್ತು ನೋಡುವವನ ಬೆರಳು ದಿನಕ್ಕೆ ಹತ್ತಾರು ಸಲ ಫಾಬಿಗೆ ತಾಗಲೇಬೇಕು.

ನನಗೆ ಹೆಚ್ಚು ಕುತೂಹಲ ಇವುಗಳ ತಯಾರಿಕೆಯ ಬಗ್ಗೆ. ಕೆತ್ತನೆಗಾರ ಮೆದು ಉಕ್ಕಿನ ತುಂಡಿನಲ್ಲಿ ಚಿತ್ರವನ್ನು ಎಡಬಲ ಅದಲುಬದಲಾಗಿ, ಉಬ್ಬಬೇಕಾದದ್ದು ತಗ್ಗಾಗುವಂತೆ ಕೊರೆಯುತ್ತಿದ್ದ. ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಬಳಿಕ ಉಕ್ಕನ್ನು ಕೆಂಪಗೆ ಕಾಯಿಸಿ, ತಟಕ್ಕನೆ ತಣಿಸಿ ಗಡುಸಾಗಿಸಿದರೆ ಅಚ್ಚು ಸಿದ್ಧ. ಅದರ ಮೇಲೆ ಹಿತ್ತಾಳೆ ಅಥವಾ ಕಂಚಿನ ತಗಡಿಟ್ಟು, ಮೇಲಿನಿಂದ ಭಾರವಾದ ಸುತ್ತಿಗೆ ಬೀಳಿಸುತ್ತಿದ್ದರು. ಪೆಟ್ಟಿನಿಂದ ಪೆಟ್ಟಿಗೆ ಲೋಹ ಬಿರುಸಾಗುತ್ತದೆ. ಆಳವಾದ ಚಿತ್ರವಿದ್ದರೆ ನಡುವೆ ಮತ್ತೆ ಕಾಯಿಸಿ ಮೆದುಗೊಳಿಸಬೇಕು. ಅಂಚು ಕತ್ತರಿಸಿ, ಲೇಪ ಕೊಟ್ಟು, ರಾಸಾಯನಿಕದಲ್ಲಿ ಕಪ್ಪಾಗಿಸಿ, ಕೊನೆಗೆ ಉಬ್ಬುಗಳನ್ನಷ್ಟೇ ಉಜ್ಜಿದರೆ ಕಪ್ಪು ತಗ್ಗುಗಳಲ್ಲಿ ಉಳಿದು ಚಿತ್ರ ಎದ್ದು ಕಾಣುತ್ತದೆ. ಬಣ್ಣ ಬೇಕೆಂದವರಿಗೆ ಗಾಜಿನ ಪುಡಿ ತುಂಬಿ ಕುಲುಮೆಯಲ್ಲಿ ಕರಗಿಸುವ ಎನಾಮಲ್ ಇತ್ತು. ಅಗ್ಗದಲ್ಲಿ ಬೇಕೆಂದವರಿಗೆ ಸೆಲ್ಯುಲಾಯ್ಡ್. ನ್ಯೂಜೆರ್ಸಿಯ ನ್ಯೂಅರ್ಕಿನ ವೈಟ್‌ಹೆಡ್ ಅಂಡ್ ಹೋಗ್, ಶಿಕಾಗೋದ ಗ್ರೀನ್‌ಡಕ್ ಈ ಕಸುಬಿನಲ್ಲಿ ಹೆಸರು ಮಾಡಿದ್ದ ಕಂಪನಿಗಳು.

ಹೆಚ್ಚಿನ ಫಾಬ್‌ಗಳ ಮೇಲೆ ಇಸವಿ ಇರುವುದಿಲ್ಲ. ಸಂಗ್ರಾಹಕ ಅರೆ ಇತಿಹಾಸಕಾರನಾಗುವುದೇ ಇಲ್ಲಿ. ‘ಬುಸೈರಸ್-ಈರಿ’ ಎಂದಿದ್ದರೆ ಅದು 1927ಕ್ಕಿಂತ ಹಿಂದಿನದಲ್ಲ, ಏಕೆಂದರೆ ಅಗೆಯುವ ಯಂತ್ರಗಳ ಆ ಎರಡು ಕಂಪನಿಗಳು ಒಂದಾದದ್ದೇ ಆ ವರ್ಷ. ‘ಕ್ಯಾಟರ್‌ಪಿಲ್ಲರ್ ಟ್ರಾಕ್ಟರ್ ಕಂಪನಿ’ ಎಂದಿದ್ದರೆ 1925ರ ನಂತರದ್ದು. ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಸೇರಿದ್ದು ಆಗ. (ನಮ್ಮಲ್ಲಿ ಮಣ್ಣೆತ್ತುವ ಯಂತ್ರವೆಲ್ಲ ‘ಜೇಸೀಬಿ’ಯೇ ಆಗಿರುವುದನ್ನು ನೋಡಿದರೆ, ಯಂತ್ರದ ಹೆಸರು ಬಾಯಲ್ಲಿ ನಿಲ್ಲಿಸಲು ಫಾಬೇ ಬೇಕೆಂದೇನಿಲ್ಲ.) ಮೊದಲ ಮಹಾಯುದ್ಧದ ನಂತರ ಕೈಗಡಿಯಾರ ಜೇಬುಗಡಿಯಾರವನ್ನು ಮೂಲೆಗೆ ತಳ್ಳಿತು. ಆದರೂ ಭಾರೀ ಯಂತ್ರಗಳ ವ್ಯಾಪಾರಿಗಳು ಫಾಬ್ ಹಂಚುವುದನ್ನು ದಶಕಗಳ ಕಾಲ ಬಿಡಲಿಲ್ಲ.

ಬೆಲೆ ಬಂದಲ್ಲಿ ನಕಲೂ ಬಂತು. ಹಳೆಯ ಫಾಬಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ, ಲೋಹ ತಣಿಯುವಾಗ ಕುಗ್ಗಿ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಅಕ್ಷರದ ಅಂಚು ಮೊಂಡಾಗುತ್ತದೆ, ಮೈಯಲ್ಲಿ ಸಣ್ಣ ಗುಳಿಗಳು ಕಾಣುತ್ತವೆ. ಆದರೆ ಮೊಂಡಾದುದೆಲ್ಲ ನಕಲಲ್ಲ. ಎರಕದಲ್ಲಿ ತಗ್ಗು ಉಬ್ಬುಗಳೆರಡೂ ಮಸುಕಾಗಿರುತ್ತವೆ. ಬಳಕೆಯಲ್ಲಿ ಸವೆದದ್ದರ ಉಬ್ಬುಗಳಷ್ಟೇ ನುಣುಪಾಗಿ, ತಗ್ಗಿನ ಗೆರೆಗಳು ಚೂಪಾಗಿಯೇ ಉಳಿದಿರುತ್ತವೆ. ಸಂಗ್ರಾಹಕರು ಸವೆಯದ, ಹೊಳೆಯುವ ಫಾಬಿಗೆ ಹೆಚ್ಚು ಹಣ ಕೊಡುತ್ತಾರೆ. ನನ್ನನ್ನು ಕೇಳಿದರೆ ಸವೆದದ್ದನ್ನೇ ಆರಿಸುತ್ತೇನೆ. ಹೊಳೆಯುವ ಫಾಬು ಡಬ್ಬಿಯಲ್ಲೇ ಉಳಿದ ಜಾಹೀರಾತು. ಸವೆದದ್ದನ್ನು ಯಾರೋ ಒಬ್ಬ, ಪಾಳಿ ಮುಗಿಯಲು ಇನ್ನೆಷ್ಟು ಹೊತ್ತಿದೆ ಎಂದು ನೋಡಲು, ವರ್ಷಗಟ್ಟಲೆ ಎಳೆದಿದ್ದಾನೆ.