ಜತ್ತದ ಗಡಿಯಲ್ಲಿ ಎರಡನೆಯ ನುಡಿ

ಜತ್ತ ತಾಲೂಕಿನ ಪೂರ್ವ ಭಾಗದ ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1956ರಲ್ಲಿ ನೆರೆಯ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಜತ್ತ ಮುಂಬಯಿಯಲ್ಲಿಯೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯಿಸಿತು. ಜಿಲ್ಲೆಗೆ ಸಾಂಗಲಿ ಎಂಬ ಹೆಸರಾಯಿತು. ಇಷ್ಟೆಲ್ಲ ಬದಲಾದರೂ ಮಗುವಿನ ತಾಯಿನುಡಿ ಬದಲಾಗಲಿಲ್ಲ. ಸಂತೆಗೂ ಉತಾರಕ್ಕೂ ಬೇಕಾಗಿದ್ದ ಮರಾಠಿ ಪರೀಕ್ಷೆಗೂ ನೌಕರಿಗೂ ಬೇಕಾಯಿತು.

1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಅ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವಿರಬೇಕೆಂದಿತು. ಆದರೆ ಎರಡನೆಯ ನುಡಿಯನ್ನು ಮಗು ಹೇಗೆ ಕಲಿಯುವುದೆಂಬುದನ್ನು ಯಾವ ವಿಧಿಯೂ ಹೇಳಲಾರದು.

‘ರೊಟ್ಟಿ ತಿಂದೆ, ಮಾವಿನಹಣ್ಣು ತಿಂದೆ’ ಎನ್ನುವಾಗ ಕನ್ನಡದ ಕ್ರಿಯಾಪದ ಕರ್ತೃವನ್ನು ಅನುಸರಿಸುತ್ತದೆ. ಮರಾಠಿಯಲ್ಲಿ ‘ಭಾಕರಿ ಖಾಲ್ಲೀ’, ಆದರೆ ‘ಆಂಬಾ ಖಾಲ್ಲಾ’; ಅಲ್ಲಿ ಕರ್ಮದ ಲಿಂಗಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ. ರೊಟ್ಟಿ ಹೆಣ್ಣು, ಮಾವು ಗಂಡು ಎಂಬುದು ಕನ್ನಡದ ಮಗುವಿಗೆ ಹೊಸದು. ಈ ತಿಂಗಳು ಸರಿಯಾಗಿ ಹೇಳಿದ ಮಗು ಮುಂದಿನ ತಿಂಗಳು ತಪ್ಪುವುದುಂಟು. ಮಾಸ್ತರರು ಇದನ್ನು ಅಲಕ್ಷ್ಯವೆಂದು ಗದರುತ್ತಾರೆ. ಕಲಿಯುವವನ ನಡುನುಡಿಗೂ ತನ್ನದೇ ಆದ ವ್ಯವಸ್ಥೆಯುಂಟೆಂದು ಲ್ಯಾರಿ ಸೆಲಿಂಕರ್ 1972ರಲ್ಲಿ ತೋರಿಸಿದರು. ಡಯೇನ್ ಲಾರ್ಸೆನ್-ಫ್ರೀಮನ್ 1997ರಲ್ಲಿ ಭಾಷಾಕಲಿಕೆಯನ್ನು ಸದಾ ಬದಲಾಗುವ ಸಂಕೀರ್ಣ ವ್ಯವಸ್ಥೆಯೆಂದು ವಿವರಿಸಿದರು. ಮನೆ, ಗೆಳೆಯರು, ಸಂತೆ, ಅಂಜಿಕೆ ಎಲ್ಲವೂ ಅದರಲ್ಲಿ ಒಂದನ್ನೊಂದು ಎಳೆಯುತ್ತವೆ. ಆದ್ದರಿಂದ ಕಲಿಕೆ ಕೊಡಕ್ಕೆ ನೀರು ತುಂಬಿದಂತೆ ಒಂದೇ ಸಮನೆ ಏರುವುದಿಲ್ಲ.

ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು ಕುಪ್ವಾರ್ ಎಂದು ಕರೆದ ಸಾಂಗಲಿ ಜಿಲ್ಲೆಯ ಹಳ್ಳಿಯ ಕನ್ನಡ, ಮರಾಠಿ, ಉರ್ದುಗಳನ್ನು ಕುರಿತು 1971ರಲ್ಲಿ ಬರೆದರು. ಶಿಷ್ಟ ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಆ ಹಳ್ಳಿಯ ಮರಾಠಿಯಲ್ಲಿ ಮಾತ್ರ ಕನ್ನಡದ ‘ಹೊಳೆ ಬಂತು’ ಎಂಬಂತೆ ನಪುಂಸಕ ಕ್ರಿಯಾಪದ. ಶಬ್ದಗಳು ಬೇರೆ ಬೇರೆಯಾಗಿ ಉಳಿದರೂ ವಾಕ್ಯದ ಎರಕ ಬಹುಮಟ್ಟಿಗೆ ಒಂದಾಗಿತ್ತು. ನಮ್ಮ ಮಕ್ಕಳ ಪಾಟಿಯ ಮೇಲೆ ತಪ್ಪೆನಿಸುವ ರೂಪವೇ ಅಲ್ಲಿ ತಲೆಮಾರುಗಳ ಬಳಕೆಯಿಂದ ಊರ ವ್ಯಾಕರಣವಾಗಿತ್ತು.

ಹಾಗೆಂದು ಶಿಷ್ಟ ಮರಾಠಿಯನ್ನು ಕಲಿಸದೆ ಬಿಡಬೇಕೆಂದಲ್ಲ. ಅದಿಲ್ಲದೆ ಮಗುವಿಗೆ ಮುಂದಿನ ದಾರಿಯಿಲ್ಲ. ಆದರೆ ತಪ್ಪಿಗೆ ಗದರಿಸಿಕೊಂಡ ಮಗು ಬಾಯಿ ಮುಚ್ಚಿದರೆ ಎರಡು ನುಡಿಗಳಲ್ಲಿಯೂ ಹಿಂದುಳಿಯುತ್ತದೆ. ಎರಡು ವ್ಯಾಕರಣಗಳನ್ನು ಕರಿಹಲಗೆಯ ಮೇಲೆ ಎದುರುಬದುರು ಬರೆದು ತೋರಿಸುವುದು ಗಡಿನಾಡಿನ ಶಿಕ್ಷಕರ ಮೊದಲ ಕರ್ತವ್ಯವೆಂದು ನಮ್ಮ ನಮ್ರ ಅಭಿಪ್ರಾಯ.